ತಂಗಿಯ ವಯಸ್ಸಿಗೆ ಬಂದ ಪೆನ್ಶನ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಹುಟ್ಟಿ ನಾಲ್ಕು ದಿನವಾಯಿತು, ಇವತ್ತು ಬೆಳಿಗ್ಗೆ ಮಂಡ್ಯದ ಆಸ್ಪತ್ರೆಯಿಂದ ಮನೆಗೆ ಬಂದಳು. ಬಣ್ಣ ಅವರಪ್ಪನದು, ಮೂಗು ನಮ್ಮ ಕಡೆಯದು, ಕೋಪ ಯಾರದೆಂದು ಕೇಳಿದರೆ ನಮ್ಮ ಯಜಮಾನರು ನನ್ನ ಕಡೆ ನೋಡುತ್ತಾರೆ. ಕಾರು ಮದ್ದೂರು ದಾಟುವವರೆಗೂ ಕಣ್ಣು ಬಿಡಲಿಲ್ಲ. ಬೆಸಗರಹಳ್ಳಿ ಹತ್ತಿರ ಬಂದಾಗ ಒಂದೇ ಒಂದು ಕಣ್ಣು ಬಿಟ್ಟು, ಇದೇನಾ ನಿಮ್ಮ ಸೀಮೆ ಅನ್ನುವ ಹಾಗೆ ನೋಡಿ, ಮತ್ತೆ ಮುಚ್ಚಿಕೊಂಡಳು. ಅಷ್ಟಕ್ಕೇ ನನಗೆ ಅಳು ಬಂತು.

ಸಿಕ್ಕವರಿಗೆಲ್ಲ ಹೇಳಿದೆ. ಆಸ್ಪತ್ರೆ ಗೇಟಿನಲ್ಲಿ ಬಾಳೆಹಣ್ಣು ಮಾರುವವನಿಗೂ ಹೇಳಿದೆ. ಅವನು, "ಒಳ್ಳೇದಾಯ್ತು ಕಣಮ್ಮ, ಎಷ್ಟ್ ಕೆಜಿ?" ಅಂದ. ನಾನು ಹೆಮ್ಮೆಯಿಂದ "ಮೂರು ಕೆಜಿ" ಅಂದೆ. ಮಗುವಿನ ತೂಕ ಹೇಳಿದ್ದೆ. ಅವನು ಮೂರು ಕೆಜಿ ಹಣ್ಣು ತೂಗಿ ಕೈಗೆ ಕೊಟ್ಟ. ಬೇಡ ಅನ್ನಲು ಬಾಯಿ ಬರಲಿಲ್ಲ.

ಇಷ್ಟು ಸಂತೋಷದ ನಡುವೆ ಒಂದು ಮುಳ್ಳು ಇತ್ತು. ನಮ್ಮ ಮನೆಯ ಫ್ರಿಜ್ಜಿನ ಮೇಲೆ ಮೂರು ತಿಂಗಳಿಂದ ಒಂದು ಫಾರಂ ಬಿದ್ದಿತ್ತು. ನನ್ನ ಪೆನ್ಶನ್ ಫಾರಂ. ಹೈವೇ ಪಕ್ಕದ ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ಬಟ್ಟೆಯ ನೂಲು ಕತ್ತರಿಸಿದವಳು ನಾನು. ಐವತ್ತೆಂಟು ತುಂಬಿತು. ಈಗ ಸೈನು ಹಾಕಿದರೆ ಈಗಿನಿಂದಲೇ ಪೆನ್ಶನ್ ಬರುತ್ತದೆ. ಅರವತ್ತರವರೆಗೆ ಕಾದರೆ ತಿಂಗಳು ತಿಂಗಳು ಬರುವುದು ಸ್ವಲ್ಪ ಜಾಸ್ತಿಯಾಗುತ್ತದೆ. ಅಲ್ಲಿಯವರೆಗೆ ಕೆಲಸಕ್ಕೆ ಬರಬಹುದು ಅಂತ ಕಂಪನಿಯವರೂ ಹೇಳಿದ್ದರು. ಮಗ "ಕಾಯಿ" ಅನ್ನುತ್ತಿದ್ದ. ಮಗಳು ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಕಡೆ ಕೆಲಸದಲ್ಲಿದ್ದಾಳೆ. ರಜೆ ಮುಗಿದ ಮೇಲೆ ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು? ಅಳಿಯ ನಮ್ಮೂರಿನವನೇ, ಎರಡು ಬೀದಿ ಆಚೆ ಮನೆ. ಅವನ ತಾಯಿ, ನಮ್ಮ ಬೀಗಿತ್ತಿ, "ನಾನ್ ನೋಡ್ಕತೀನಿ ಬುಡಿ" ಅಂದಿದ್ದಾರೆ. ಆದರೆ ಅವರಿಗೆ ಮಂಡಿನೋವು. ಕುಂತರೆ ಏಳಿಸಲು ಇನ್ನೊಬ್ಬರು ಬೇಕು. ಮಗಳು ಆಗಾಗ ಫ್ರಿಜ್ಜಿನ ಮೇಲೆ ನೋಡುತ್ತಿದ್ದಳು, ಅಷ್ಟೆ.

ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ಸೈನು ಹಾಕಿದ ಗಳಿಗೆಯಿಂದ ಮುದುಕಿಯಾಗಿಬಿಡುತ್ತೇನೆ, ನನ್ನನ್ನು ಕೇಳುವವರಿರುವುದಿಲ್ಲ ಅಂತ. ಹೀಗೆ ಹಿಂದೆ ಮುಂದೆ ನೋಡುವಾಗೆಲ್ಲ ನನಗೆ ನೆನಪಾಗುತ್ತಿದ್ದವಳು ಒಬ್ಬಳೇ. ಪೆನ್ಶನ್ ಯಾವಾಗ ತೆಗೆದುಕೊಳ್ಳಬೇಕು ಅನ್ನುವ ಒಂದು ಪ್ರಶ್ನೆಗೆ ಇಡೀ ಕಂಪನಿಯನ್ನೇ ಕುಣಿಸಿದ ಮಹಾತಾಯಿ. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ. ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದೆವು, ಇಲ್ಲೂ ಅಕ್ಕ ಅಂತಲೇ ಇರಲಿ.

ಅಕ್ಕ ಮಳವಳ್ಳಿ ಕಡೆಯವಳು. ಕಡ್ಡಿಯ ಹಾಗೆ ಇದ್ದಳು, ದನಿ ಮಾತ್ರ ನೂರು ಮೆಷಿನ್ನಿನ ಸದ್ದಿನ ಮೇಲೂ ಕೇಳುತ್ತಿತ್ತು. ಅವಳದು ಚೆಕ್ಕಿಂಗ್ ಕೆಲಸ. ಹೊಲಿದು ಬಂದ ಅಂಗಿಯಲ್ಲಿ ತಪ್ಪಿದೆಯೋ ಇಲ್ಲವೋ ನೋಡಿ, ಸರಿಯಿದ್ದರೆ ತನ್ನ ನಂಬರಿನ ಸ್ಟಿಕ್ಕರು ಅಂಟಿಸಬೇಕು. ಮಿಕ್ಕ ಚೆಕ್ಕಿಂಗಿನವರು ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಅಕ್ಕ ಬಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ. ಮೇಲಿನ ಫ್ಯಾನು ನೋಡುತ್ತಾ, ಎದುರಿಗೆ ಕೂತ ನನ್ನ ಹತ್ತಿರ ಯಾರ ಮನೆಯ ಜಗಳವನ್ನೋ ಹೇಳುತ್ತಾ, ಬೆರಳನ್ನು ಹೊಲಿಗೆಯ ಮೇಲೆ ಓಡಿಸುತ್ತಿದ್ದಳು. ಬೆರಳು ಗಕ್ಕನೆ ನಿಂತರೆ ಅಲ್ಲೊಂದು ತಪ್ಪು ಇದ್ದೇ ಇರುತ್ತಿತ್ತು.

ನೂಲಿನ ಎಳೆ ಎಲ್ಲಿ ನೇತಾಡಿದರೂ ಅವಳಿಗೆ ತಡೆಯುತ್ತಿರಲಿಲ್ಲ. ಕತ್ತರಿ ಹುಡುಕುವಷ್ಟು ತಾಳ್ಮೆಯೂ ಇಲ್ಲ, ಬಗ್ಗಿ ಹಲ್ಲಿನಲ್ಲಿ ಕಚ್ಚಿ ಕಿತ್ತುಬಿಡುತ್ತಿದ್ದಳು. ಬೆಂಗಳೂರಿನಿಂದ ಬಂದ ದೊಡ್ಡ ಮೇನೇಜರು ಲೈನು ನೋಡುತ್ತಾ ನಿಂತಿದ್ದಾಗ ಅವರ ತೋಳಿನಲ್ಲಿ ಒಂದೆಳೆ ಕಂಡಿತು. "ಸಾರ್, ಅಳ್ಳಾಡ್ಬೇಡಿ" ಅಂದವಳೇ ಕಚ್ಚಿದಳು. ಅವರು ಹೆದರಿ ಒಂದು ಹೆಜ್ಜೆ ಹಿಂದೆ ಹೋದರು. ನನ್ನ ಮಗಳ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿನಲ್ಲೇ ಮಂಟಪ ಹತ್ತಿ ಅಳಿಯನ ಹೊಸ ಅಂಗಿಯ ಕಾಲರಿಗೆ ಬಾಯಿ ಹಾಕಿದಳು. ಆ ಫೋಟೋ ಆಲ್ಬಮ್ಮಿನಲ್ಲಿ ಈಗಲೂ ಇದೆ. ನೋಡಿದವರು ಇದು ಯಾವ ಶಾಸ್ತ್ರ ಅಂತ ಕೇಳುತ್ತಾರೆ. ಮಳವಳ್ಳಿ ಕಡೆಯ ಶಾಸ್ತ್ರ ಅಂತ ಹೇಳಿ ಸುಮ್ಮನಾಗುತ್ತೇವೆ.

ಪೆನ್ಶನ್ ವಿಷಯದಲ್ಲಿ ಅವಳು ನಮಗೆಲ್ಲ ಗುರು. ಎಳೆಯ ಹುಡುಗಿಯರು ಮದುವೆಯಾಗಿ ಹೋಗುವಾಗ ಪಿ.ಎಫ್.ಗೆ ಕಟ್ಟಿದ್ದ ಹಣವನ್ನೆಲ್ಲ ಬಿಡಿಸಿಕೊಂಡು ಹೋಗಲು ಬಂದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಲೇ ಅಮ್ಮಿ, ಗಂಡ ಇವತ್ತಿರ್ತಾನೆ, ನಾಳೆ ಮುನಿಸ್ಕತಾನೆ. ಪೆನ್ಸನ್ನು ಮುನಿಸ್ಕಳಲ್ಲ ಕಣೆ. ಬುಟ್ಟಿರು ಅಲ್ಲೇ." ಅವಳ ಮಾತು ಕೇಳಿ ಬಿಟ್ಟ ಹುಡುಗಿಯರು ಈಗಲೂ ಸಿಕ್ಕಾಗ ಅವಳನ್ನು ನೆನೆಯುತ್ತಾರೆ.

ಆದರೆ ತನ್ನ ಸರದಿ ಬಂದಾಗ ಗುರುವಿಗೇ ದಾರಿ ತಪ್ಪಿತು.

ಒಂದು ದಿನ ಆಫೀಸಿನಿಂದ ಅವಳನ್ನು ಕರೆಸಿದರು. ತಿರುಗಿ ಬಂದವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಏನಕ್ಕ?"

"ಐವತ್ತೆಂಟಾಯ್ತಂತೆ ಕಣೆ."

"ನಿಂಗಾ?"

"ನಂಗಲ್ಲ, ನನ್ ತಂಗಿಗೆ."

ನನಗೆ ತಲೆಬುಡ ತಿಳಿಯಲಿಲ್ಲ. ಊಟದ ಹೊತ್ತಿನಲ್ಲಿ ಷೆಡ್ಡಿನ ಹಿಂದೆ ಕರೆದುಕೊಂಡು ಹೋಗಿ ಗುಟ್ಟು ಬಿಚ್ಚಿದಳು. ಅಕ್ಕ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ, ಹುಟ್ಟಿದ ದಿನ ಬರೆದಿಟ್ಟವರಿಲ್ಲ. ಕೆಲಸಕ್ಕೆ ಸೇರುವಾಗ ವಯಸ್ಸಾದವರನ್ನು ತೆಗೆದುಕೊಳ್ಳುವುದಿಲ್ಲ ಅಂತ ಯಾರೋ ಹೆದರಿಸಿದ್ದರು. ಅವಳ ತಂಗಿ ಏಳನೇ ಕ್ಲಾಸಿನವರೆಗೆ ಓದಿದ್ದಳು. ತಂಗಿಯ ಸ್ಕೂಲ್ ಕಾಗದದಲ್ಲಿದ್ದ ತಾರೀಖನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಅದನ್ನೇ ಬರೆಸಿದಳು. ಮುಂದೆ ಬಂದ ಕಾರ್ಡುಗಳಿಗೆಲ್ಲ ಅದೇ ತಾರೀಖು ಹತ್ತಿಕೊಂಡಿತು. ತಂಗಿ ಅವಳಿಗಿಂತ ಏಳು ವರ್ಷ ಚಿಕ್ಕವಳು. ಅಂದರೆ ಕಾಗದದ ಪ್ರಕಾರ ಐವತ್ತೆಂಟು, ಅಕ್ಕನ ಸೊಂಟದ ಪ್ರಕಾರ ಅರವತ್ತೈದು.

"ಏಳು ವರ್ಸ ಕದ್ದೆ ಅಂತ ಕುಸಿಯಾಗಿದ್ದೆ ಕಣೆ," ಅಂದಳು. "ಈಗ್ ನೋಡುದ್ರೆ ಏಳು ವರ್ಸ ಸುಮ್ನೆ ಜಾಸ್ತಿ ದುಡ್ದಿವ್ನಿ. ಕದ್ದೋಳ್ಗೂ ನಾನೇ ಸಿಕ್ಬೇಕಾ?"

ನಮ್ಮ ಕಂಪನಿಯಲ್ಲಿ ಹುಟ್ಟಿದ ದಿನ ಮೈಕಿನಲ್ಲಿ ಹೆಸರು ಕೂಗಿ ಒಂದು ಸ್ವೀಟು ಪೊಟ್ಟಣ ಕೊಡುತ್ತಿದ್ದರು. ಪ್ರತಿ ವರ್ಷ ಅವಳು ಆ ಪೊಟ್ಟಣವನ್ನು ಬಿಚ್ಚದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದನ್ನು ನೋಡಿದ್ದೆ. ಅವತ್ತು ಕಾರಣ ತಿಳಿಯಿತು. ತಂಗಿ ಪ್ರತಿ ವರ್ಷ ಆ ದಿನ ಸಂಜೆ ಬಸ್‌ಸ್ಟಾಪಿಗೇ ಬಂದು ನಿಂತಿರುತ್ತಿದ್ದಳಂತೆ. "ನನ್ನುಟ್ಟಿದಬ್ಬ, ತಾ ಇಲ್ಲಿ."

ಈಗ ಪೆನ್ಶನ್ ಸುದ್ದಿ ಕೇಳಿದ ಮೇಲೆ ತಂಗಿ ಹಠ ಹಿಡಿದಳು. "ನನ್ ವಯಸ್ಸು ಇಟ್ಕಂಡು ನೀನು ಪೆನ್ಸನ್ ತಗತೀಯ, ನಂಗೇನು? ಬಿರ್ನೆ ಮುಗ್ಸಿ ನನ್ ವಯಸ್ಸು ನಂಗೆ ಕೊಡು. ನಮ್ ಮನೇಲಿ ನನ್ ವಯಸ್ಸು ಕೇಳುದ್ರೆ, ನಿಮ್ಮಕ್ಕನ್ನ ಕೇಳ್ಕಂಡ್ ಬಾ ಅಂತ ನಗಾಡ್ತಾರೆ."

ಈಗಲೇ ತೆಗೆದುಕೊಳ್ಳಬೇಕೋ, ತಂಗಿಗೆ ಅರವತ್ತಾಗುವವರೆಗೆ ಕಾಯಬೇಕೋ? ಅಕ್ಕ ಎಲ್ಲರನ್ನೂ ಕೇಳಿದಳು. ಕಂಪನಿ ಬಸ್ಸಿನ ಡ್ರೈವರು ಕಾಯಿರಿ ಅಂದ. ಇಸ್ತ್ರಿ ಸೆಕ್ಷನ್ನಿನವನು ಕಾಯಬೇಡಿ ಅಂದ. ಶಾಸ್ತ್ರ ಹೇಳುವವನ ಹತ್ತಿರ ಹೋದಳು. ಅವನು ಹುಟ್ಟಿದ ಗಳಿಗೆ ಕೇಳಿದ. "ನಂದಾ, ನನ್ ತಂಗೀದಾ?" ಅಂತ ಇವಳು ಕೇಳಿದ್ದಕ್ಕೆ ಅವನು ಪಂಚಾಂಗ ಮಡಚಿಬಿಟ್ಟನಂತೆ.

ಕೊನೆಗೆ ತಾನೇ ಲೆಕ್ಕ ಹಾಕಲು ಕೂತಳು. ಹಣದ ಲೆಕ್ಕವಲ್ಲ, ಸತ್ತವರ ಲೆಕ್ಕ. ನಮ್ಮ ಕಂಪನಿಯಲ್ಲಿ ಬೇಗ ಪೆನ್ಶನ್ ತೆಗೆದುಕೊಂಡವರು ಯಾರು ಯಾರು ಸತ್ತರು, ಕಾದವರು ಯಾರು ಯಾರು ಸತ್ತರು ಅಂತ ಬೆರಳು ಮಡಚುತ್ತಾ ಹೋದಳು. ಎರಡು ಕೈಯಲ್ಲೂ ಬೆರಳು ಸಮಸಮ ಬಂತು.

"ಇದ್ರಿಂದೇನೂ ಗೊತ್ತಾಗಾಕಿಲ್ಲ ಕಣೆ," ಅಂದಳು ಬೇಜಾರಿನಿಂದ. "ಎಲ್ಲಾ ಸಾಯ್ತಾರೆ."

ಆಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ಯಾರಿಗೂ ಹೊಳೆಯದ ಉಪಾಯ. ಹೊಸ ಮಾಡೆಲ್ ಅಂಗಿ ಬಂದರೆ ಮೊದಲು ಒಂದು ಹೊಲಿದು ನೋಡುತ್ತೇವಲ್ಲ, ಹಾಗೆ ಪೆನ್ಶನ್ನನ್ನೂ ಒಂದು ವಾರ ಹೊಲಿದು ನೋಡುವುದು! ಒಂದು ವಾರ ರಜೆ ಬರೆದುಕೊಟ್ಟಳು. ಕಾರಣ ಅನ್ನುವ ಜಾಗದಲ್ಲಿ ಏನು ಬರೆಯಲಿ ಅಂತ ನಾನು ಕೇಳಿದರೆ, "ಟ್ರಯಲ್ ಅಂತ ಬರಿ" ಅಂದಳು.

ಹೋಗುವ ಮುಂಚೆ ನನ್ನ ಹತ್ತಿರ ಮೆಲ್ಲಗೆ ಹೇಳಿದಳು. "ಒಂದಾಸೆ ಅದೆ ಕಣಮ್ಮಿ. ಬೆಳಕು ಅರಿಯಕ್ ಮುಂಚೆ ಬಸ್ ಅತ್ತೀನಿ, ಕತ್ಲಾದ್ ಮ್ಯಾಲೆ ಇಳೀತೀನಿ. ಬುದುವಾರ ಮದ್ಯಾನ ನಮ್ಮೂರು ಎಂಗಿರ್ತದೆ ಅಂತ್ಲೇ ನಂಗೊತ್ತಿಲ್ಲ. ವಸಿ ನೋಡ್ಕಂಡ್ ಬತ್ತೀನಿ."

ಸೋಮವಾರದಿಂದ ಟ್ರಯಲ್ ಶುರುವಾಯಿತು. ಗುರುವಾರ ಬೆಳಿಗ್ಗೆ ನಾವು ಕೆಲಸಕ್ಕೆ ಬಂದಾಗ ಗೇಟಿನಲ್ಲಿ ಅವಳ ಗಂಡ ನಿಂತಿದ್ದರು. ಬಹಳ ಸಾಧು ಮನುಷ್ಯ. ಮದುವೆಯಾದ ಮೇಲೆ ಮಾತಾಡುವ ಅವಕಾಶವೇ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ಅವರು ವಾಚ್‌ಮನ್‌ಗೆ ಕೈ ಮುಗಿಯುತ್ತಿದ್ದರು.

"ಬುದ್ದಿ, ನಮ್ಮೋಳ್ನ ಇವತ್ತೇ ವಾಪಸ್ ಕರ್ಸ್ಕಳಿ."

"ರಜ ಇನ್ನೂ ಮೂರ್ ದಿನ ಅದಲ್ಲ ಯಜಮಾನ್ರೇ?"

"ಮೂರ್ ದಿನ ಊರು ಉಳಿಯಾಕಿಲ್ಲ."

ಆಮೇಲೆ ಎಲ್ಲ ತಿಳಿಯಿತು. ಮೊದಲ ದಿನ ಜಗಲಿಯ ಮೇಲೆ ಕೂತು ಹೋಗುವವರ ಬರುವವರ ಬಟ್ಟೆ ನೋಡಿದಳಂತೆ. ಎರಡನೇ ದಿನ ಊರಿನ ಟೈಲರ್ ಅಂಗಡಿಗೆ ಹೋಗಿ ಅವನು ಹೊಲಿದಿಟ್ಟ ರವಿಕೆಗಳನ್ನೆಲ್ಲ ತಿರುಗಿಸಿ ನೋಡಿ ಹನ್ನೊಂದನ್ನು ಬಿಚ್ಚಿಸಿದಳು. ಅವನು ಅಂಗಡಿಗೆ ಬೀಗ ಹಾಕಿ ಮಾವನ ಮನೆಗೆ ಹೋದ. ಮೂರನೇ ದಿನ ಬುಧವಾರ. ಅವಳು ಕಾಯುತ್ತಿದ್ದ ಮಧ್ಯಾಹ್ನ ಬಂತು. ಊರಿಗೆ ಊರೇ ಮಲಗಿತ್ತು. ಅವಳು ಮನೆಮನೆಯ ಬಾಗಿಲು ತಟ್ಟಿ, "ಏನ್ರೀ, ಮಟಮಟ ಮದ್ಯಾನ ಮಲಗ್ತೀರಲ್ಲ, ಮೈ ಸರಿಯಿಲ್ವಾ?" ಅಂತ ಎಬ್ಬಿಸಿದಳಂತೆ.

ಶುಕ್ರವಾರ ಬೆಳಿಗ್ಗೆ ಅಕ್ಕ ತನ್ನ ಜಾಗದಲ್ಲಿ ಕೂತಿದ್ದಳು. "ಎಂಗಿತ್ತಕ್ಕ ಪೆನ್ಸನ್ನು?" ಅಂತ ಕೇಳಿದೆ.

"ಸೈಜ್ ಸರಿಯಾಗ್ನಿಲ್ಲ. ಕಾಯ್ತೀನಿ."

ಕಾಯುತ್ತೇನೆ ಅಂತ ಊರಿಗೆಲ್ಲ ಸಾರಿದಳು. ತಂಗಿ ಮಾತು ಬಿಟ್ಟಳು. ಗಂಡ ನಿಟ್ಟುಸಿರು ಬಿಟ್ಟರು. ಇನ್ನು ಇವಳು ಅರವತ್ತಕ್ಕೂ ಹೋಗುವುದಿಲ್ಲ ಅಂತ ನಾವೆಲ್ಲ ತಿಳಿದುಕೊಂಡೆವು.

ಎಂಟು ತಿಂಗಳು ಕಳೆದಿರಬೇಕು. ಒಂದು ದಿನ ಊಟದ ಗಂಟೆಗೆ ಸ್ವಲ್ಪ ಮುಂಚೆ ಅವಳು ಮಾತಿಲ್ಲದೆ ಒಂದು ಅಂಗಿಯನ್ನು ನನ್ನ ಮುಂದೆ ಹಾಸಿದಳು. ಅವಳು ಮಾತಿಲ್ಲದೆ ಏನನ್ನಾದರೂ ಮಾಡಿದ್ದು ನಾನು ಕಂಡದ್ದು ಅವತ್ತೇ.

"ಕಾಲರ್ ಮುಟ್ಟು."

ಮುಟ್ಟಿದೆ. ಹಿಂದುಗಡೆ ಎರಡು ಹೊಲಿಗೆ ತಪ್ಪಿತ್ತು.

"ಸಿಕ್ತಾ?"

"ಸಿಕ್ತಕ್ಕ. ಇಲ್ಲೇ ಅದೆ."

"ನಂಗ್ ಸಿಗ್ನಿಲ್ಲ ಕಣಮ್ಮಿ. ಕಣ್ಣಲ್ ನೋಡ್ದ ಮ್ಯಾಲೆ ಕಾಣ್ತು."

ಆ ಅಂಗಿಯ ಮೇಲೆ ಅವಳ ಸ್ಟಿಕ್ಕರು ಆಗಲೇ ಅಂಟಿತ್ತು. ಉಗುರಿನಲ್ಲಿ ಅದನ್ನು ಮೆಲ್ಲಗೆ ಕೆರೆದು ತೆಗೆದು ಹೆಬ್ಬೆರಳ ಮೇಲೆ ಇಟ್ಟುಕೊಂಡು ನೋಡಿದಳು. ನಾನು ಸಮಾಧಾನ ಮಾಡಲು ಹೋದೆ. "ಒಂದ್ ಅಂಗಿ ತಾನೆ ಅಕ್ಕ. ಯಾರ್ಗ್ ಗೊತ್ತಾಯ್ತದೆ? ಇನ್ ಮ್ಯಾಲೆ ಕಣ್ಣಲ್ಲೇ ನೋಡು, ಎಲ್ಲಾರಂಗೆ."

"ಎಲ್ಲಾರಂಗೆ ನೋಡಾಕೆ ನಾನ್ಯಾಕೆ ಬೇಕು? ನನ್ ನಂಬ್ರು ಐತೆ ಅಂತ ಅಲ್ಯಾವ್ದೋ ದೇಸದೋನು ನಂಬ್ಕಂಡ್ ಆಕ್ಕತಾನೆ. ಅವನ್ಗ್ ನಾನು ಸುಳ್ಳು ಯೋಳ್ದಂಗಾಯ್ತದೆ."

ನನಗೆ ತಡೆಯಲಿಲ್ಲ. "ಏಳ್ ವರ್ಸ ವಯಸ್ಸಿಗೆ ಸುಳ್ಳು ಯೋಳ್ದೋಳು ನೀನು!"

"ವಯಸ್ಸು ನಂದು ಕಣೆ," ಅಂದಳು. "ಅಂಗಿ ಅವುಂದು."

ಅವತ್ತೇ ಮಧ್ಯಾಹ್ನ ಊಟ ಬಿಟ್ಟು ಆಫೀಸಿಗೆ ಹೋಗಿ ಫಾರಮ್ಮಿಗೆ ಸೈನು ಹಾಕಿದಳು. ಡ್ರೈವರು, ಇಸ್ತ್ರಿಯವನು, ಶಾಸ್ತ್ರದವನು, ಸತ್ತವರು, ಯಾರ ಮಾತೂ ಬೇಕಾಗಲಿಲ್ಲ. ಸಂಜೆ ಬಸ್ ಹತ್ತುವಾಗ ಹೇಳಿದಳು, "ತಂಗಿ ವಯಸ್ಸು ತಂಗಿಗೆ ಕೊಟ್ಬುಟ್ಟೆ. ನೋಡು, ಈಗ ಕಾಲ್ ನೋವು ಶುರುವಾಯ್ತು. ನನ್ ವಯಸ್ಸು ಬಂದ್ಬುಡ್ತು." ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಮಾರನೆಯ ದಿನ ಎದುರಿನ ಜಾಗ ಖಾಲಿ ಇದ್ದದ್ದು ನೋಡಿ ಕತ್ತರಿ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಅವಳು ಕೆಲಸ ಬಿಟ್ಟು ಐದು ವರ್ಷವಾಯಿತು. ಈಗ ತಂಗಿಯ ಮನೆಯ ಪಕ್ಕದಲ್ಲೇ ಇದ್ದಾಳೆ, ಇಬ್ಬರೂ ದಿನಾ ಜಗಳವಾಡಿಕೊಂಡು ಸುಖವಾಗಿದ್ದಾರಂತೆ. ಇವತ್ತು ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ ಹಿತ್ತಲಿಗೆ ಹೋಗಿ ಅವಳಿಗೆ ಫೋನ್ ಮಾಡಿದೆ. ಸುದ್ದಿ ಕೇಳಿ ಕಿವಿ ತೂತಾಗುವ ಹಾಗೆ ಕೂಗಿದಳು. ಕೂಗು ಮುಗಿದ ಮೇಲೆ ನನ್ನ ಫಾರಮ್ಮಿನ ಕತೆ ಹೇಳಿದೆ.

"ಕಾಯ್ಲಾ, ತಗಳ್ಲಾ? ನೀನೇ ಯೋಳಕ್ಕ."

"ಮಗೀನ ಎತ್ಕಂಡಾ?"

"ಎತ್ಕಂಡೆ. ಕಾರಿಂದ ಇಳ್ಸ್ಕಂಡು ಜಗಲಿ ಮ್ಯಾಲೆ ಕುಂತಿದ್ದೆ."

"ಎಷ್ಟೊತ್ತು ಕುಂತಿದ್ದೆ?"

ಈ ಪ್ರಶ್ನೆ ಬೇರೆಯವರಿಗೆ ಸುಲಭ ಅನ್ನಿಸಬಹುದು. ನಮ್ಮಂಥವರಿಗೆ ಹಾಗಲ್ಲ. ಗಂಟೆಗೆ ಇಷ್ಟು ಬಟ್ಟೆ ಅಂತ ಲೆಕ್ಕ ಕೊಟ್ಟು ಬದುಕಿದವರು ನಾವು. ನೀರು ಕುಡಿಯಲು ಎದ್ದರೂ ಎಷ್ಟು ನಿಮಿಷ ಆಯಿತು ಅಂತ ಮೈಗೇ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಗಡಿಯಾರ ನೋಡದೆಯೇ ಹೊತ್ತು ಹೇಳುತ್ತಿದ್ದೆ. ಈಗ ಎಷ್ಟು ನೆನೆಸಿಕೊಂಡರೂ ಆಗಲಿಲ್ಲ. ಬಿಸಿಲು ಜಗಲಿಯ ಅಂಚಿನಲ್ಲಿತ್ತು, ಆಮೇಲೆ ನೋಡಿದರೆ ಬೀದಿಗೆ ಇಳಿದಿತ್ತು. ನಡುವೆ ಏನಾಯಿತೋ ತಿಳಿಯದು.

"ಗೊತ್ತಿಲ್ಲಕ್ಕ," ಅಂದೆ.



"ಹೊತ್ತೇ ಗೊತ್ತಾಗ್ನಿಲ್ವಾ? ಅಂಗಾರೆ ನನ್ಯಾಕೆ ಕೇಳೀಯೆ? ಓಗು, ಪೆನ್ನ್ ಉಡುಕ್ಕೊ."

ಫೋನು ಇಟ್ಟುಬಿಟ್ಟಳು. ಪೆನ್ನು ಅಳಿಯನ ಜೇಬಿನಲ್ಲಿತ್ತು.

ರಾತ್ರಿ ಅಡುಗೆಗೆ ಬಸ್ಸಾರು, ಮುದ್ದೆ, ಶ್ಯಾವಿಗೆ ಪಾಯಸ. ಬಾಣಂತಿಗೆ ಬೇರೆ, ಮೆಣಸಿನ ಸಾರು, ಬಿಸಿ ಅನ್ನ. ಮನೆಯವರೆಲ್ಲ ನಡುಮನೆಯಲ್ಲಿ ಸಾಲಾಗಿ ಕೂತೆವು. ಮಗಳು ಕೋಣೆಯ ಹೊಸ್ತಿಲ ಒಳಗೆ ತಟ್ಟೆ ಇಟ್ಟುಕೊಂಡು ಕೂತಳು, ಅವಳೂ ಸಾಲಿನಲ್ಲಿದ್ದ ಹಾಗೆಯೇ ಆಯಿತು. ಬೀಗಿತ್ತಿಗೆ ಕುರ್ಚಿ ಹಾಕಿದೆವು. ಮೊದಲ ತುತ್ತು ಇಳಿಯುವ ಮುಂಚೆ ಮಗ ಶುರು ಮಾಡಿದ.

"ಅವ್ವ, ಎರಡೇ ವರ್ಸ. ಕಣ್ಣು ಮುಚ್ಚಿ ಬುಡೋದ್ರಲ್ಲಿ ಕಳ್ದೋಯ್ತದೆ. ಕಾಯಿ."

"ಊ ಕಣಮ್ಮ," ಅಂದರು ಬೀಗಿತ್ತಿ. "ನೀವು ಕೆಲಸುಕ್ಕೆ ಓಗ್ಬನ್ನಿ. ಮಗೀನ ನಾನ್ ನೋಡ್ಕತೀನಿ."

"ಸೈನ್ ಆಕಾಯ್ತು," ಅಂದೆ. "ನಾಳೆ ಕೊಟ್ ಬತ್ತೀನಿ."

ಎಲ್ಲರ ಕೈಯೂ ನಿಂತಿತು. ಮಗಳು ತಟ್ಟೆಯ ಮೇಲೆ ಬಗ್ಗಿಕೊಂಡಳು, ಭುಜ ಮಾತ್ರ ಅಲುಗಾಡುತ್ತಿತ್ತು, ನಕ್ಕಳೋ ಅತ್ತಳೋ ಕಾಣಲಿಲ್ಲ. ಬೀಗಿತ್ತಿ ಸ್ವಲ್ಪ ಯೋಚನೆ ಮಾಡಿದರು.

"ಅಂಗಾರೆ ನಾನೂ ದಿನಾ ಬತ್ತೀನಿ."

"ಬನ್ನಿ, ಬೀಗ್ರೇ. ನಿಮ್ಮನ್ನ ಎತ್ತಿ ಕುಂಡ್ರುಸೋದೂ ನಾನೇ ತಾನೆ."

ಎಲ್ಲರೂ ನಕ್ಕರು, ಬೀಗಿತ್ತಿಯೇ ಜೋರಾಗಿ ನಕ್ಕರು. ಯಜಮಾನರು "ಮುದ್ದೆ ಆರೋಯ್ತದೆ, ಉಣ್ಣಿ" ಅಂದರು. ಎಲ್ಲರೂ ಉಂಡರು, ಸಾರು ಬಡಿಸಿಕೊಂಡರು, ಪಾಯಸ ಕುಡಿದರು. ನಾನು ಇನ್ನೂ ಮುದ್ದೆಯ ಅರ್ಧದಲ್ಲಿದ್ದೆ. ನಮ್ಮ ಮನೆಯಲ್ಲಿ ಸಾಲಿನಲ್ಲಿ ಒಬ್ಬರು ಉಣ್ಣುತ್ತಿರುವಾಗ ಮಿಕ್ಕವರು ಏಳುವ ಹಾಗಿಲ್ಲ. ಮಗ ಎಂಜಲು ಕೈ ಒಣಗಿಸಿಕೊಂಡು ನನ್ನ ತಟ್ಟೆ ನೋಡಿದ, ಅಳಿಯ ನೋಡಿದ, ಯಜಮಾನರು ಒಂದು ಸಲ ಕೆಮ್ಮಿದರು.

ಕಾಯಲಿ. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ನಿಧಾನವಾಗಿ ಉಂಡೆ.